ಗೋದಾಮಿನ ಏರಿಗೆ ಗೀರು

ಲಾಳದಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಮಾರುಕಟ್ಟೆಯ ಹಿಂಬಾಗಿಲಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಕುಲುಮೆ ಹಚ್ಚಿಕೊಂಡು ಮೂವತ್ತೊಂದು ವರ್ಷದಿಂದ ಗಾಡಿ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದ ಹೆಂಗಸು ಅವಳು. ಗೊರಸು ತೊಳೆಯದೆ ಕುದುರೆ ತಂದವನಿಗೆ ಬೈಗುಳ, ಹೊಟ್ಟೆಪಟ್ಟಿಯನ್ನು ಉಸಿರುಗಟ್ಟುವ ಹಾಗೆ ಬಿಗಿದವನಿಗೆ ಬೈಗುಳ, "ಸ್ವಲ್ಪ ಬೇಗ ಮುಗಿಸಕ್ಕಾ" ಎಂದವನಿಗಂತೂ ಅವನ ಅಪ್ಪನ ಕಾಲದಿಂದ ಶುರುಮಾಡಿ ಬೈಗುಳ. ಆದರೆ ಇದೆಲ್ಲ ಎರಡು ಕಾಲಿನವರಿಗೆ ಮಾತ್ರ. ನಾಲ್ಕು ಕಾಲಿನದು ಎದುರಿಗೆ ಬಂದು ನಿಂತರೆ ದನಿಯೇ ಬದಲಾಗುತ್ತಿತ್ತು. "ಕಾಲು ಕೊಡು ಕಂದಾ" ಎಂದರೆ ಸಾಕು, ಎಂಥ ಒದೆಯುವ ಕುದುರೆಯೂ ಗೊರಸು ಎತ್ತಿ ಅವಳ ತೊಡೆಯ ಮೇಲಿನ ಚರ್ಮದ ಹೊದಿಕೆಗೆ ಇಡುತ್ತಿತ್ತು.

ಕಸುಬು ಅಪ್ಪನದು. ಅಪ್ಪ ತೀರಿಕೊಂಡಾಗ ಇವಳಿಗೆ ಹತ್ತೊಂಬತ್ತು, ತಮ್ಮನಿಗೆ ಎಂಟು. ಹೆಣ್ಣು ಸುತ್ತಿಗೆ ಹಿಡಿಯುವುದೇ ಎಂದು ಊರು ಮೂಗು ಮುರಿಯಿತು. ಮುರಿದ ಮೂಗಿನವರೇ ಒಂದು ತಿಂಗಳೊಳಗೆ ಕುದುರೆ ಹೊಡೆದುಕೊಂಡು ಬಂದು ಸಾಲಿನಲ್ಲಿ ನಿಂತರು, ಏಕೆಂದರೆ ಇಡೀ ಊರಿಗೆ ಬೇರೆ ಲಾಳದವರು ಇರಲಿಲ್ಲ. ಒಮ್ಮೆ ಮದುವೆಯ ಮಾತೂ ಬಂದಿತ್ತು. ಗಂಡಿನ ಕಡೆಯವರು "ಕುಲುಮೆ ಬಿಡಬೇಕು" ಎಂದರು. "ಅದಕ್ಯಾಕೆ, ಗಂಡನ್ನೇ ಬಿಟ್ಟುಬಿಡ್ತೀನಿ" ಎಂದು ಇವಳು ಎದ್ದು ತಿದಿ ಒತ್ತಲು ಹೋದಳು. ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದಳು. ಅವನಿಗೆ ಕುದುರೆಯ ಹಿಂಗಾಲೆಂದರೆ ಭಯ, ಆದ್ದರಿಂದ ಲಾಳದ ಕೆಲಸ ಒಗ್ಗಲಿಲ್ಲ; ಗಾಡಿಯವನಾದ. ಕೆಂಚಿ ಎಂಬ ಕಂದು ಬಣ್ಣದ ಹೆಣ್ಣುಕುದುರೆ, ಒಂದು ಗಾಡಿ, ಹೆಂಡತಿ, ಇಬ್ಬರು ಮಕ್ಕಳು. ಇಷ್ಟು ಅವನ ಸಂಸಾರ.

ಆ ಊರಿನ ಗೋದಾಮುಗಳೆಲ್ಲ ಹೊಳೆಯ ದಂಡೆಯಲ್ಲಿವೆ, ಮಾರುಕಟ್ಟೆ ಮೇಲಿದೆ. ನಡುವೆ ಇರುವುದು ಒಂದೇ ಕಡಿದಾದ ಬೀದಿ, ಗೋದಾಮಿನ ಏರು. ಲಾರಿ ತಿರುಗಲು ಜಾಗವಿಲ್ಲ. ಮೂಟೆ, ಪೆಟ್ಟಿಗೆ, ಪೀಪಾಯಿ ಎಲ್ಲವೂ ನಲವತ್ತೆರಡು ಕುದುರೆ ಗಾಡಿಗಳ ಮೇಲೆಯೇ ಏರಬೇಕು. ಹಳೆಯ ಕಾಲದವರು ಹಾಸಿದ್ದ ಒರಟು ಚಪ್ಪಡಿಗಳಲ್ಲಿ ಬೆರಳು ಹಿಡಿಸುವಷ್ಟು ಆಳದ ಅಡ್ಡ ಗೀರುಗಳಿದ್ದವು. ಕಬ್ಬಿಣದ ಲಾಳ ಆ ಗೀರಿಗೆ ಸಿಕ್ಕಿಕೊಂಡರೆ ಕುದುರೆಗೆ ಕಾಲೂರಲು ಬಲ ಬರುತ್ತಿತ್ತು. ಇದು ಗೊತ್ತಾಗಲು ಎಂಜಿನಿಯರಿಂಗ್ ಓದಬೇಕಾಗಿಲ್ಲ, ಒಂದು ದಿನ ಗಾಡಿಯ ಹಿಂದೆ ನಡೆದರೆ ಸಾಕು.

ಚುನಾವಣೆಗೆ ಎರಡು ತಿಂಗಳಿದೆ ಎನ್ನುವಾಗ ಪುರಸಭೆಯ ಅಧ್ಯಕ್ಷರಿಗೆ ಊರು ಚಂದ ಮಾಡುವ ಹುಚ್ಚು ಹಿಡಿಯಿತು. ಹಳೆಯ ಚಪ್ಪಡಿಗಳನ್ನು ಕಿತ್ತೆಸೆದು ಇಡೀ ಏರಿಗೆ ಪಾಲಿಶ್ ಮಾಡಿದ ಕಲ್ಲು ಹಾಸಿಸಿದರು. ಎರಡೂ ಕಡೆ ದೀಪದ ಕಂಬ, ತುದಿಯಲ್ಲಿ ಅವರದೇ ನಗುಮುಖದ ದೊಡ್ಡ ಬೋರ್ಡು. ಕಲ್ಲು ಎಷ್ಟು ನುಣುಪೆಂದರೆ ಬಗ್ಗಿ ತಲೆ ಬಾಚಿಕೊಳ್ಳಬಹುದಿತ್ತು. ಲಾಳದಕ್ಕ ಮೊದಲ ದಿನವೇ ಹೋಗಿ ಅಂಗೈಯಿಂದ ಸವರಿ ನೋಡಿದಳು. ಅಲ್ಲೇ ನಿಂತಿದ್ದ ಎಂಜಿನಿಯರನ್ನು ಕೇಳಿದಳು.

"ಗೀರು ಎಲ್ಲಿ?"

"ಗೀರು ಹಾಕಿದ್ರೆ ಹೊಳಪು ಹೋಗುತ್ತಲ್ಲಮ್ಮಾ."

"ಹೊಳಪು ಇಟ್ಕೊಂಡು ಕುದುರೆ ಏನ್ ಮಾಡ್ಲಿ, ಮುಖಕ್ಕೆ ಪೌಡರ್ ಹಾಕ್ಕೊಳ್ಲಾ?"

ಅವನು ನಕ್ಕ. ಸುತ್ತಲಿದ್ದವರೂ ನಕ್ಕರು. ಅವಳು ನಗಲಿಲ್ಲ.

ಹದಿನೈದು ದಿನದಲ್ಲಿ ಐದು ಕುದುರೆಗಳು ಜಾರಿ ಮಂಡಿ ಒಡೆದುಕೊಂಡವು. ಹದಿನಾರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ತಮ್ಮನ ಕೆಂಚಿ ಸಿಮೆಂಟಿನ ಮೂಟೆ ಹೊತ್ತ ಗಾಡಿ ಎಳೆಯುತ್ತಾ ಅರ್ಧ ಏರು ಹತ್ತಿತ್ತು. ಮುಂಗಾಲು ಎರಡೂ ಒಟ್ಟಿಗೆ ಜಾರಿದವು. ಗಾಡಿ ಹಿಂದಕ್ಕೆ ಎಳೆಯಿತು, ಕುದುರೆ ಪಕ್ಕಕ್ಕೆ ಬಿತ್ತು, ಮೂಳೆ ಮುರಿದ ಸದ್ದು ಮೇಲಿನ ಮಾರುಕಟ್ಟೆಯವರೆಗೂ ಕೇಳಿಸಿತು. ಪಶುವೈದ್ಯರು ಬಂದರು, ಒಂದು ಸಲ ಮುಟ್ಟಿ ನೋಡಿದರು, ಚೀಲದಿಂದ ದೊಡ್ಡ ಸೂಜಿ ತೆಗೆದರು. ತಮ್ಮ ಅದರ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೊನೆಯವರೆಗೂ ಕೂತಿದ್ದ. ಲಾಳದಕ್ಕ ಕುದುರೆಯ ನಾಲ್ಕೂ ಗೊರಸು ಒಂದೊಂದಾಗಿ ಎತ್ತಿ ನೋಡಿದಳು. ನಾಲ್ಕು ದಿನದ ಹಿಂದೆ ಅವಳೇ ಕಟ್ಟಿದ ಲಾಳ. ಒಂದಾದರೂ ಮೊಳೆ ಸಡಿಲವಾಗಿರಲಿ, ತಪ್ಪು ತನ್ನದೇ ಆಗಿರಲಿ, ತನ್ನನ್ನೇ ಬೈದುಕೊಂಡು ಸುಮ್ಮನಾಗಿಬಿಡುತ್ತೇನೆ ಎಂದು ಹುಡುಕಿದಳು. ಒಂದೂ ಸಡಿಲವಾಗಿರಲಿಲ್ಲ.

ಅವತ್ತಿನಿಂದ ಅವಳ ಹೊಟ್ಟೆಯಲ್ಲಿ ಹೊತ್ತಿಕೊಂಡ ಬೆಂಕಿ ಕುಲುಮೆಯದಕ್ಕಿಂತ ಜೋರು. ಅವಳಿಗೆ ಬೇಕಾಗಿದ್ದುದು ಒಂದೇ. ಇನ್ನೊಂದು ಕುದುರೆ ಬೀಳುವ ಮುಂಚೆ ಆ ಕಲ್ಲುಗಳಿಗೆ ಗೀರು ಬೀಳಬೇಕು.

ಚುನಾವಣೆ ಘೋಷಣೆಯಾಗಿತ್ತು. ಕೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಯಾವುದಿದೆ ಎಂದುಕೊಂಡಳು. ಬೀದಿಯಲ್ಲಿ ಕಂಡ ಕಂಡವರನ್ನು ತಬ್ಬಿಕೊಳ್ಳುವ, ಮೂಗು ಸೋರುವ ಮಕ್ಕಳನ್ನೂ ಎತ್ತಿ ಮುದ್ದಾಡುವ ಕಾಲ ಅದು! ಮೊದಲು ಅಧ್ಯಕ್ಷರ ಚುನಾವಣಾ ಕಚೇರಿಗೆ ಹೋದಳು. ಮೇಜಿನ ಮೇಲೆ ಕೆಂಚಿಯ ಲಾಳ ಇಟ್ಟು ವಿಷಯ ಹೇಳಿದಳು. ಅಲ್ಲಿದ್ದ ಕಾರ್ಯದರ್ಶಿ ಲಾಳ ನೋಡಿ, "ಬಾಗಿಲಿಗೆ ಹೊಡೆದ್ರೆ ಅದೃಷ್ಟ ಅಂತಾರೆ, ಇಲ್ಲೇ ಬಿಟ್ಟು ಹೋಗಿ" ಎಂದ. ಅವನ ಬಾಗಿಲಿಗಲ್ಲ, ಅವನ ಹಣೆಗೇ ಹೊಡೆಯಬೇಕು ಅನ್ನಿಸಿತು ಅವಳಿಗೆ. ಲಾಳ ಎತ್ತಿಕೊಂಡು ಎದುರಾಳಿಯ ಕಚೇರಿಗೆ ಹೋದಳು.

ಎದುರಾಳಿ ನಿವೃತ್ತ ಮೇಷ್ಟ್ರು. ಕುರ್ಚಿ ಹಾಕಿಸಿದರು, ಚಹಾ ತರಿಸಿದರು, ಪೂರ್ತಿ ಕೇಳಿಸಿಕೊಂಡರು, ತಲೆ ಆಡಿಸಿದರು. ಆಮೇಲೆ ಹೇಳಿದರು: "ನೋಡಮ್ಮಾ, ನೀವು ಹೇಳೋದು ನೂರಕ್ಕೆ ನೂರು ಸರಿ. ಆದ್ರೆ ಊರಿನವರಿಗೆ ಆ ಬೀದಿ ಬಹಳ ಇಷ್ಟ ಆಗಿದೆ. ಸಂಜೆ ಹೊತ್ತು ಸಂಸಾರ ಸಮೇತ ಬಂದು ಫೋಟೋ ತೆಗೆಸ್ಕೊಳ್ತಾರೆ. ಗಾಡಿಯವರು ನಲವತ್ತೆರಡು ಜನ. ಕುದುರೆಗಳಿಗಂತೂ ಓಟಿಲ್ಲ. ಗೆದ್ದ ಮೇಲೆ ನೋಡೋಣ."

"ಮಕ್ಕಳಿಗೂ ಓಟಿಲ್ಲ, ಅವಕ್ಕೆ ಪಾಠ ಯಾಕೆ ಹೇಳಿದ್ರಿ ಮೇಷ್ಟ್ರೇ?" ಎಂದು ಕೇಳಿ, ಅರ್ಧ ಕುಡಿದ ಚಹಾ ಬಿಟ್ಟು ಎದ್ದು ಬಂದಳು.

ಮಾರನೆಯ ದಿನದಿಂದ ಅವಳು ಸಭೆಗಳಿಗೆ ಹೋಗತೊಡಗಿದಳು. ಎರಡೂ ಕಡೆಯವರ ಸಭೆ, ಪಕ್ಷಪಾತವಿಲ್ಲ. ಸುಟ್ಟ ಕಲೆಗಳ ಚರ್ಮದ ಹೊದಿಕೆಯಲ್ಲೇ ಮುಂದಿನ ಸಾಲಿನಲ್ಲಿ ಕೂರುವುದು, ಭಾಷಣಕಾರ ಉಸಿರು ತೆಗೆದುಕೊಂಡ ಕೂಡಲೇ ಎದ್ದು ನಿಲ್ಲುವುದು, "ಏರಿಗೆ ಗೀರು ಯಾವಾಗ ಹಾಕಿಸ್ತೀರಿ?" ಎಂದು ಕೇಳುವುದು. ಮೊದಲ ಸಭೆಯಲ್ಲಿ ನಗಾಡಿದರು. ಎರಡನೆಯದರಲ್ಲಿ ಕೂರಿಸಿದರು. ಮೂರನೆಯದರಲ್ಲಿ ಇಬ್ಬರು ದಾಂಡಿಗರು ತೋಳು ಹಿಡಿದು ಹೊರಗೆ ಬಿಟ್ಟು ಬಂದರು. ದಿನಕ್ಕೆ ಹತ್ತು ಕುದುರೆಯ ಕಾಲು ಎತ್ತುವ ತೋಳು ಅದು, ಹೊರಗೆ ಬಿಡುವಷ್ಟರಲ್ಲಿ ಅವರಿಗೇ ಬೆವರಿಳಿದಿತ್ತು. ಏಳನೆಯ ಸಭೆಯ ಹೊತ್ತಿಗೆ ಒಂದು ವಿಚಿತ್ರ ನಡೆಯಿತು. ಇವಳು ಏಳುವ ಮೊದಲೇ ಹಿಂದಿನ ಸಾಲಿನಿಂದ ಯಾರೋ "ಗೀರು ಯಾವಾಗ?" ಎಂದು ಕೂಗಿದರು. ಇನ್ನಾರೋ ದನಿಗೂಡಿಸಿದರು. ವೇದಿಕೆಯ ಮೇಲಿದ್ದ ಅಧ್ಯಕ್ಷರು ಭಾಷಣ ಅಲ್ಲಿಗೇ ಮುಗಿಸಿ ಮೈಕು ಪಕ್ಕದವರಿಗೆ ಕೊಟ್ಟರು.

ಅಧ್ಯಕ್ಷರೇನು ಕಡಿಮೆ ಆಸಾಮಿಯೇ? ಮೂರು ಚುನಾವಣೆ ಗೆದ್ದವರು. ಮತದಾನಕ್ಕೆ ಐದು ದಿನ ಇರುವಾಗ ಪ್ರಕಟಣೆ ಹೊರಡಿಸಿದರು: ನಾಳೆ ಬೆಳಿಗ್ಗೆ ಅವರೇ ಕುದುರೆಯ ಮೇಲೆ ಕೂತು ಗೋದಾಮಿನ ಏರು ಹತ್ತುತ್ತಾರೆ. ಕುದುರೆ ಜಾರುತ್ತದೆ ಎನ್ನುವವರು ಬಂದು ಕಣ್ಣಾರೆ ನೋಡಲಿ.

ಅವತ್ತು ಮಧ್ಯಾಹ್ನ ತಮ್ಮ ಒಂದು ಬಿಳಿ ಕುದುರೆ ಹಿಡಿದುಕೊಂಡು ಶೆಡ್ಡಿನ ಮುಂದೆ ಬಂದು ನಿಂತ. ಅಂಗಿಯ ಜೇಬಿಗೆ ಅಧ್ಯಕ್ಷರ ಪಕ್ಷದ ಬ್ಯಾಡ್ಜು ಸಿಕ್ಕಿಸಿಕೊಂಡಿದ್ದ.

"ಅಕ್ಕಾ, ಲಾಳ ಸವೆದಿದೆ. ಹೊಸದು ಹಾಕಿ ಕೊಡು. ನಾಳೆ ಲಗಾಮು ಹಿಡಿದು ನಡೆಯೋದು ನಾನೇ."

ಲಾಳದಕ್ಕ ಬ್ಯಾಡ್ಜು ನೋಡಿದಳು. "ಥೂ! ನಾಚಿಕೆ ಆಗಲ್ವೇನೋ ನಿನಗೆ? ನಿನ್ನ ಕೆಂಚಿ ಸತ್ತು ತಿಂಗಳಾಗಿಲ್ಲ!"

"ಗಾಡಿ ಇದೆ, ಎಳೆಯೋಕೆ ಕುದುರೆ ಇಲ್ಲ. ಮಕ್ಕಳು ಊಟ ಕೇಳ್ತಾರೆ, ಅವಕ್ಕೆ ನಾಚಿಕೆ ಬಡಿಸ್ಲಾ?" ಎಂದ ತಮ್ಮ ತಲೆ ಎತ್ತದೆ. "ನೀನು ಮಾಡಲ್ಲ ಅಂದ್ರೆ ಪಕ್ಕದೂರಿಂದ ಯಾರನ್ನಾದ್ರೂ ಕರೆಸ್ತಾರೆ."

ಅವಳ ತಲೆಯಲ್ಲಿ ಆ ಕ್ಷಣ ಬಂದದ್ದು ಒಳ್ಳೆಯ ಯೋಚನೆಯಲ್ಲ. ಹೊಸ ಲಾಳ, ಸಾದಾ ಮೊಳೆ, ಅಷ್ಟು ಸಾಕು. ಮಿಕ್ಕಿದ್ದನ್ನು ಅಧ್ಯಕ್ಷರ ಪಾಲಿಶ್ ಕಲ್ಲೇ ನೋಡಿಕೊಳ್ಳುತ್ತದೆ. ಜಾರಲಿ. ಇಡೀ ಊರಿನೆದುರು, ಕ್ಯಾಮೆರಾಗಳೆದುರು ಜಾರಲಿ, ಆ ನಗುಮುಖ ಕಲ್ಲಿಗೆ ಅಪ್ಪಳಿಸಲಿ! ಯಾರೂ ಅವಳತ್ತ ಬೆರಳು ತೋರಿಸುವ ಹಾಗೂ ಇರಲಿಲ್ಲ. ಹಲ್ಲು ಕಚ್ಚಿಕೊಂಡು ಕುದುರೆಯ ಬಳಿಗೆ ಹೋದಳು. "ಕಾಲು ಕೊಡು" ಎಂದಳು. ಕಂದಾ ಎನ್ನಲಿಲ್ಲ.

ಕುದುರೆ ಕಾಲು ಕೊಟ್ಟಿತು. ಐದು ವರ್ಷವೂ ತುಂಬದ ಪ್ರಾಣಿ, ಸೀಳಿಲ್ಲದ ತಿಳಿ ಬಣ್ಣದ ಗೊರಸು. ಯಾರು ಮೇಲೆ ಕೂರುತ್ತಾರೆ, ಯಾವ ಪಕ್ಷ, ಎಷ್ಟು ಓಟು, ಅದಕ್ಕೇನು ಗೊತ್ತು? ಅವಳು ತುಂಬಾ ಹೊತ್ತು ಆ ಗೊರಸನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದಳು. ಆಮೇಲೆ ಗೂಡಿನ ಮೂಲೆಯಿಂದ ತುಕ್ಕು ಹಿಡಿದ ಡಬ್ಬಿಯೊಂದನ್ನು ಎಳೆದಳು. ಅದರಲ್ಲಿದ್ದದ್ದು ದಪ್ಪ ತಲೆಯ ಮೊಳೆಗಳು. ಅವು ಲಾಳದಿಂದ ಹೊರಗೆ ಗುಬುಟಾಗಿ ನಿಲ್ಲುತ್ತವೆ, ಎಂಥ ನುಣುಪನ್ನೂ ಕಚ್ಚಿ ಹಿಡಿಯುತ್ತವೆ. ಒಂದು ದಿನಕ್ಕೆ ಅಡ್ಡಿಯಿಲ್ಲ. ಆದರೆ ದಿನಾ ಅದರ ಮೇಲೆ ನಡೆಸಿದರೆ ಗೊರಸು ನೆಲಕ್ಕೆ ಸರಿಯಾಗಿ ಕೂರುವುದಿಲ್ಲ, ಕೀಲು ತಿರುಚಿಕೊಂಡು ಕುದುರೆ ಎರಡು ವಾರದಲ್ಲಿ ಕುಂಟಾಗುತ್ತದೆ. ಗಾಡಿ ಕುದುರೆಗಳಿಗೆ ಅದನ್ನು ಅವಳು ಕಟ್ಟದೆ ಇದ್ದದ್ದು ಅದಕ್ಕೇ.

ತಮ್ಮ ಮೊಳೆಗಳನ್ನು ಗುರುತಿಸಿದ. "ಅಕ್ಕಾ, ಇದು ಹಾಕಿದ್ರೆ ಕುದುರೆ ಜಾರಲ್ಲ. ನೀನು ಇಷ್ಟು ದಿನ ಕೂಗಿದ್ದೆಲ್ಲ ನೀರಲ್ಲಿ ಹೋಮ. ಅವರೇ ಗೆದ್ದ ಹಾಗೆ."

"ಗೊತ್ತು. ಬಾಯ್ಮುಚ್ಕೊಂಡು ಹಗ್ಗ ಹಿಡ್ಕೊ."

ಬೇರೆ ಯಾರಾದರೂ ಇದನ್ನು ಮಾಡುತ್ತಿದ್ದರೇ? ರಾಜಕೀಯ ಗೊತ್ತಿದ್ದವರು ಖಂಡಿತ ಮಾಡುತ್ತಿರಲಿಲ್ಲ. ಲಾಳದವಳಿಗೆ ಮಾತ್ರ ಸಾಧ್ಯವಾಗುವ ತಪ್ಪು ಅದು. ಒಂದೊಂದು ಮೊಳೆ ಹೊಡೆಯುವಾಗಲೂ ತನ್ನ ಕೈಯನ್ನೇ ಶಪಿಸುತ್ತಾ ಹೊಡೆದಳು.

ಮಾರನೆಯ ದಿನ ಏರಿನ ಎರಡೂ ಕಡೆ ಜನವೋ ಜನ. ಕಿಟಕಿ, ಮಾಳಿಗೆ, ದೀಪದ ಕಂಬದ ಬುಡ, ಎಲ್ಲೂ ಕಾಲಿಡಲು ಜಾಗವಿರಲಿಲ್ಲ. ಅಧ್ಯಕ್ಷರು ಜೀನಿನ ಮೇಲೆ ಕೂತು ಕೈ ಬೀಸುತ್ತಾ ಬಂದರು. ತಮ್ಮ ಲಗಾಮು ಹಿಡಿದು ಮುಂದೆ ನಡೆಯುತ್ತಿದ್ದ. ಮೊಳೆಗಳು ಕಲ್ಲನ್ನು ಕಚ್ಚುವ ಕರಕರ ಸದ್ದು ಲಾಳದಕ್ಕನ ಕಿವಿಗೆ ಮಾತ್ರ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಕುದುರೆ ಒಂದು ಸಲವೂ ತಡವರಿಸದೆ ಮೇಲೆ ತಲುಪಿತು. ಚಪ್ಪಾಳೆ, ಶಿಳ್ಳೆ. ಅಧ್ಯಕ್ಷರು ಕೂತಲ್ಲಿಂದಲೇ ಮೈಕು ತೆಗೆದುಕೊಂಡರು.

"ಎಲ್ಲಿ ಜಾರ್ತು? ನೀವೇ ಹೇಳಿ, ಎಲ್ಲಿ ಜಾರ್ತು? ಇನ್ನೊಂದು ತಮಾಷೆ ಗೊತ್ತಾ? ಸಭೆಸಭೆಗೂ ಬಂದು ಜಗಳ ಕಾಯ್ತಿದ್ದ ಆ ಅಮ್ಮನೇ ಈ ಕುದುರೆಗೆ ಲಾಳ ಕಟ್ಟಿರೋದು!"

ನಗೆಯ ಅಲೆ ಎದ್ದಿತು. ಎಲ್ಲರ ಕಣ್ಣೂ ಅವಳ ಮೇಲೆ. ಮೊನ್ನೆ ಸಭೆಯಲ್ಲಿ ಅವಳ ಪರವಾಗಿ ಕೂಗಿದ್ದವರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಲಾಳದಕ್ಕ ನಿಂತಲ್ಲಿ ನಿಲ್ಲಲಿಲ್ಲ. ಜನರನ್ನು ಮೊಣಕೈಯಿಂದ ಸರಿಸಿಕೊಂಡು ನೇರ ಕುದುರೆಯ ಬಳಿಗೆ ಹೋದಳು. "ಕಾಲು ಕೊಡು ಕಂದಾ." ಕುದುರೆ ಮುಂಗಾಲು ಎತ್ತಿ ಕೊಟ್ಟಿತು. ಅಧ್ಯಕ್ಷರು ಜೀನಿನಲ್ಲಿ ಓಲಾಡಿ ಕುದುರೆಯ ಕೊರಳು ಹಿಡಿದುಕೊಂಡರು.

"ನೋಡಿ! ಎಲ್ಲರೂ ನೋಡಿ! ಈ ಮೊಳೆ ನೋಡಿ! ಇದು ಇವತ್ತೊಂದು ದಿನಕ್ಕೆ ಅಂತ ಹೊಡೆದದ್ದು. ಇದನ್ನ ಕಿತ್ತು ಸಾದಾ ಲಾಳ ಹಾಕಿಕೊಡ್ತೀನಿ, ಇದೇ ಏರು ಕುದುರೆ ಮೇಲೆ ಕೂತ್ಕೊಂಡೇ ಇಳೀತೀರಾ ಅಧ್ಯಕ್ಷರೇ?"

ಅಧ್ಯಕ್ಷರು ಒಂದು ಕ್ಷಣ ಕೆಳಗಿನ ಹೊಳೆಯುವ ಕಲ್ಲುಗಳನ್ನು ನೋಡಿದರು. ಆಮೇಲೆ ಮೆಲ್ಲಗೆ ಕೆಳಗಿಳಿದರು, ಅವಳ ಹೆಗಲ ಮೇಲೆ ಕೈ ಹಾಕಿದರು. ಮೂರು ಚುನಾವಣೆ ಗೆದ್ದದ್ದು ಸುಮ್ಮನೆ ಅಲ್ಲ.

"ಅಮ್ಮ ನನ್ನ ಕಣ್ಣು ತೆರೆಸಿದ್ರು! ಗೆದ್ದ ತಕ್ಷಣ ನಲವತ್ತೆರಡು ಕುದುರೆಗೂ ಇದೇ ಮೊಳೆಯ ಲಾಳ, ಬಿಟ್ಟಿಯಾಗಿ! ಮೂಕಪ್ರಾಣಿಗಳ ಕಷ್ಟ ನನ್ನ ಕಷ್ಟ. ಕುದುರೆಗಳಿಗೋಸ್ಕರ ಈ ಅಮ್ಮ ಏನು ಮಾಡಿದ್ರೂ ಈ ಊರಲ್ಲಿ ಯಾರೂ ಅಡ್ಡ ಬರಬಾರದು, ನಾನು ಹೇಳ್ತಿದ್ದೀನಿ!"

ಚಪ್ಪಾಳೆ ಮುಗಿಲು ಮುಟ್ಟಿತು. "ದಿನಾ ಹಾಕಿದ್ರೆ ಕುದುರೆ ಕುಂಟಾಗುತ್ತೆ ಕಣ್ರೋ!" ಎಂದು ಅವಳು ಗಂಟಲು ಹರಿಯುವಂತೆ ಕೂಗಿದಳು. ಅಷ್ಟರಲ್ಲಿ ಪ್ರಚಾರದ ಹಾಡು ಹಾಕಿದ್ದರು. ಯಾರಿಗೂ ಕೇಳಿಸಲಿಲ್ಲ. ಕಣ್ಣೀರು ಬಂತು, ದುಃಖದ್ದಲ್ಲ. ಅಂಥ ಸಿಟ್ಟು ಅವಳಿಗೆ ಐವತ್ತು ವರ್ಷದಲ್ಲಿ ಬಂದಿರಲಿಲ್ಲ.

ಶೆಡ್ಡಿಗೆ ವಾಪಸ್ಸು ಬಂದು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ತಮ್ಮ ಬಿಳಿ ಕುದುರೆ ತಂದ. ಮೊದಲು ಆ ಮೊಳೆಗಳನ್ನು ಕಿತ್ತಳು, ಕಾಲು ನೀವಿದಳು, ಸಾದಾ ಮೊಳೆ ಹೊಡೆದಳು. ಅಷ್ಟು ಮಾಡುವಾಗ ಕೈಗೆ ಸಮಾಧಾನ ಬಂತು, ತಲೆಗೆ ಒಂದು ವಿಷಯ ಹೊಳೆಯಿತು.

"ಅಡ್ಡ ಬರಬಾರದು ಅಂದ್ರಲ್ವಾ ಅವರು? ಮೈಕಲ್ಲಿ?"

"ಹೂಂ. ಕ್ಯಾಮೆರಾದಲ್ಲೂ ಬಂದಿದೆ."

"ಓಟಿಗೆ ಎಷ್ಟು ದಿನ?"

"ಇವತ್ತು ಬಿಟ್ಟು ನಾಲ್ಕು."

ಅವಳು ಎದ್ದು ನಾಲ್ಕು ಉಳಿ, ದೊಡ್ಡ ಸುತ್ತಿಗೆ ಚೀಲಕ್ಕೆ ಹಾಕಿಕೊಂಡಳು. ಏರಿನ ಬುಡದಲ್ಲಿ, ಮೊದಲ ಸಾಲಿನ ಕಲ್ಲಿನ ಮೇಲೆ ಮಂಡಿಯೂರಿ ಕೂತಳು. ಉಳಿ ಇಟ್ಟು ಹೊಡೆದಳು. ಕಿಡಿ ಹಾರಿತು. ಪಾಲಿಶ್ ಕಲ್ಲಿಗೆ ಮೊದಲ ಕಚ್ಚು ಬಿತ್ತು.

ಅರ್ಧ ಗಂಟೆಯಲ್ಲಿ ಪೊಲೀಸ್ ಪೇದೆ ಓಡಿ ಬಂದ. "ಏನಮ್ಮಾ ಇದು, ಸರ್ಕಾರಿ ಆಸ್ತಿ!" ಎಂದ. "ಅಧ್ಯಕ್ಷರನ್ನ ಕೇಳಿ ಬಾ, ಹೋಗು" ಎಂದಳು ತಲೆ ಎತ್ತದೆ. ಅವನು ಫೋನು ಹಚ್ಚಿದ. ಆ ಕಡೆಯಿಂದ ಬಹಳ ಹೊತ್ತು ಏನೋ ಬೈಗುಳ ಕೇಳಿಸಿತು. ಸುತ್ತಲೂ ಜನ ಮೊಬೈಲು ಹಿಡಿದು ನಿಂತಿದ್ದರು. ಬೆಳಿಗ್ಗೆಯಷ್ಟೇ ಅಮ್ಮ ಎಂದು ಹೆಗಲಿಗೆ ಕೈ ಹಾಕಿದವಳನ್ನು ಮಧ್ಯಾಹ್ನವೇ ಜೀಪಿಗೆ ಹತ್ತಿಸಿದರೆ ಓಟಿನ ಗತಿ? ಪೇದೆ ಫೋನು ಜೇಬಿಗಿಟ್ಟು ಪಕ್ಕದ ಕಟ್ಟೆಯ ಮೇಲೆ ಕೂತ. "ಓಟು ಮುಗಿಯೋವರೆಗೆ ಮುಟ್ಟಬೇಡ ಅಂದ್ರು" ಎಂದು ಯಾರಿಗೂ ಅಲ್ಲದಂತೆ ಹೇಳಿದ.

ಒಟ್ಟು ತೊಂಬತ್ತನಾಲ್ಕು ಸಾಲು. ಗಾಡಿ ನಡೆಯುವ ನಡುಪಟ್ಟಿಯಲ್ಲಿ ಸಾಲಿಗೊಂದು ಅಡ್ಡ ಗೀರು, ಎರಡು ಮೊಳ ಉದ್ದ. ಸಂಜೆಗೆ ಮೂರು ಮುಗಿದಿತ್ತು. ಈ ಲೆಕ್ಕದಲ್ಲಿ ಆಗುವ ಕೆಲಸವಲ್ಲ ಎಂದು ಅವಳಿಗೇ ಗೊತ್ತಿತ್ತು. ಬೆಳಿಗ್ಗೆ ನೋಡಿದರೆ ತಮ್ಮ ಬಂದು ಎದುರಿಗೆ ಕೂತಿದ್ದ, ಜೇಬಿನಲ್ಲಿ ಬ್ಯಾಡ್ಜು ಇರಲಿಲ್ಲ. "ಉಳಿ ನಾನು ಹಿಡ್ಕೊಳ್ತೀನಿ, ನೀನು ಹೊಡಿ. ಕೈ ಮೇಲೆ ಹೊಡೀಬೇಡ, ಸಿಟ್ಟಿದ್ರೂ" ಎಂದ. ಮಧ್ಯಾಹ್ನಕ್ಕೆ ಆರು ಗಾಡಿಯವರು ಸೇರಿಕೊಂಡರು, ಮೂರನೆಯ ದಿನ ಹದಿನೈದು. ಉಳಿದವರು ನಮಗ್ಯಾಕೆ ಊರ ಉಸಾಬರಿ ಎಂದು ಪಕ್ಕದಿಂದ ಗಾಡಿ ಹೊಡೆದುಕೊಂಡು ಹೋದರು. ಅವರಿಗೆ ಸಿಗಬೇಕಾದ ಬೈಗುಳ ಪೂರ್ತಿ ಸಿಕ್ಕಿತು. ಊರು ಯಾರು ಗೆಲ್ಲುತ್ತಾರೆ ಎಂದು ಬಾಜಿ ಕಟ್ಟುತ್ತಿದ್ದರೆ ಇಲ್ಲಿ ಟಣ್ ಟಣ್ ಎಂಬ ಸದ್ದು ಬಿಟ್ಟು ಬೇರೆ ಮಾತಿರಲಿಲ್ಲ. ಮತದಾನದ ದಿನವೂ ಕೂತರು. ಸಂಜೆ ಮತಗಟ್ಟೆಯ ಬಾಗಿಲು ಹಾಕುವಾಗ ಎಂಬತ್ತಮೂರನೆಯ ಸಾಲು ಮುಗಿದಿತ್ತು.

ಪೇದೆ ಕಟ್ಟೆಯಿಂದ ಎದ್ದು ಬಟ್ಟೆ ಕೊಡವಿಕೊಂಡ. "ಓಟು ಮುಗೀತಮ್ಮಾ. ಚೀಲ ಕೊಡಿ" ಎಂದ. ಉಳಿ, ಸುತ್ತಿಗೆ, ಜೊತೆಗೆ ಚೀಲದಲ್ಲಿದ್ದ ಅರ, ಇಕ್ಕಳ ಎಲ್ಲವನ್ನೂ ಪಟ್ಟಿ ಮಾಡಿ ಸಾಕ್ಷಿಗೆಂದು ಒಯ್ದರು. ಲಾಳದವಳ ಕೈಯಿಂದ ಇಕ್ಕಳ ಕಿತ್ತುಕೊಂಡರೆ ಅವಳು ಏನು ಮಾಡಬೇಕು ಎಂದು ಒಬ್ಬನೂ ಕೇಳಲಿಲ್ಲ. ಅಧ್ಯಕ್ಷರು ನಾಲ್ಕನೆಯ ಸಲ ಗೆದ್ದರು. ಮೂಕಪ್ರಾಣಿಗಳ ಕಷ್ಟ ನನ್ನ ಕಷ್ಟ ಎಂದವರು ಮಾಡಿದ ಮೊದಲ ಕೆಲಸ ಅವಳ ಮೇಲಿನ ದೂರಿಗೆ ಸಹಿ ಹಾಕಿದ್ದು.

ಮೂರು ವಾರಕ್ಕೆ ನ್ಯಾಯಾಲಯದಿಂದ ಕರೆ ಬಂತು. ಪೀಠದ ಮೇಲೆ ಕೂತಿದ್ದ ನ್ಯಾಯಾಧೀಶರು ಕಾಗದ ತಿರುವಿ ಹಾಕಿ, ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. ಹಿಂದಿನ ಬೆಂಚುಗಳಲ್ಲಿ ತಮ್ಮನೂ ಗಾಡಿಯವರೂ ಕೂತಿದ್ದರು.

"ಸಾರ್ವಜನಿಕ ರಸ್ತೆಯ ಎಂಬತ್ತಮೂರು ಸಾಲು ಕಲ್ಲು ಹಾಳು ಮಾಡಿದ್ದೀರಿ ಅಂತ ದೂರು. ಒಪ್ಕೊಳ್ತೀರಾ?"

"ಹೌದು ಸ್ವಾಮಿ. ಎಣಿಕೆ ಸರಿಯಾಗಿದೆ."

"ತಪ್ಪಾಯ್ತು ಅಂತ ಅನ್ನಿಸುತ್ತಾ?"

"ಅನ್ನಿಸುತ್ತೆ ಸ್ವಾಮಿ. ಮೇಲಿನ ಹನ್ನೊಂದು ಸಾಲು ಉಳಿದುಹೋಯ್ತು. ಮೊನ್ನೆ ಅಲ್ಲೇ ಒಂದು ಕುದುರೆ ಮಂಡಿ ಊರಿತು. ನನ್ನ ಉಳಿ ವಾಪಸ್ ಕೊಡಿಸಿ, ಎರಡು ದಿನ ಸಾಕು."